ತಂತಿಯೂ ಒಂದು ಬಿಡಿಭಾಗ

ಎಂಜಿನಿಯರಿಂಗ್ ಕಾಲೇಜುಗಳ ಪ್ರಾಜೆಕ್ಟ್ ಪ್ರದರ್ಶನಕ್ಕೆ ಹೋದವರು ಇದನ್ನು ನೋಡಿಯೇ ಇರುತ್ತಾರೆ. ಹಿಂದಿನ ರಾತ್ರಿ ಹಾಸ್ಟೆಲಿನಲ್ಲಿ ಚೆನ್ನಾಗಿ ಓಡಿದ ಸರ್ಕ್ಯೂಟ್ ಬೆಳಿಗ್ಗೆ ಪರೀಕ್ಷಕರ ಎದುರು ಅಲುಗುವುದಿಲ್ಲ. ಹುಡುಗರು ಪ್ರೋಗ್ರಾಂ ಅನ್ನು ಮತ್ತೆ ಮತ್ತೆ ಲೋಡ್ ಮಾಡುತ್ತಾರೆ, ಸೆನ್ಸರ್ ಬದಲಿಸುತ್ತಾರೆ, ಅಡಾಪ್ಟರ್ ಬದಲಿಸುತ್ತಾರೆ. ಅಷ್ಟರಲ್ಲಿ ಯಾರೋ ಬೋರ್ಡಿನ ಮೂಲೆಯನ್ನು ಬೆರಳಿನಿಂದ ಒತ್ತುತ್ತಾರೆ, ದೀಪ ಹತ್ತುತ್ತದೆ. ಬೆರಳು ತೆಗೆದರೆ ಆರುತ್ತದೆ.

ಕೈಯಲ್ಲಿ ಕಟ್ಟಿದ ಸರ್ಕ್ಯೂಟುಗಳು ಹೆಚ್ಚಾಗಿ ಕೆಡುವುದು ಹೀಗೆಯೇ. ವಿನ್ಯಾಸ ಸರಿ ಇರುತ್ತದೆ, ಬಿಡಿಭಾಗಗಳು ಸರಿ ಇರುತ್ತವೆ, ಕೆಟ್ಟಿರುವುದು ಬಿಡಿಭಾಗಗಳ ನಡುವಿನ ಜೋಡಣೆ. ಸರ್ಕ್ಯೂಟ್ ಚಿತ್ರದಲ್ಲಿ ಒಂದು ಗೆರೆಯಾಗಿ ಕಾಣುವ ತಂತಿಗೆ ನಿಜದಲ್ಲಿ ಪ್ರತಿರೋಧವಿದೆ, ಇಂಡಕ್ಟೆನ್ಸ್ ಇದೆ, ಎಳೆದರೆ ತುಂಡಾಗುವ ಗುಣವಿದೆ. ರೆಸಿಸ್ಟರ್ ಆರಿಸುವಾಗ ಬಣ್ಣದ ಪಟ್ಟಿ ಎಣಿಸುವಷ್ಟೇ ಶ್ರದ್ಧೆ ತಂತಿಗೂ ಬೆಸುಗೆಗೂ ಸಲ್ಲಬೇಕು. ಆ ಶ್ರದ್ಧೆಯನ್ನು ಎಲ್ಲೆಲ್ಲಿ ಇಡಬೇಕೆಂದು ಹೇಳುವುದೇ ಈ ಲೇಖನದ ಕೆಲಸ.

ಮಾತು ಗಾಳಿಯಲ್ಲಿ ನಿಲ್ಲದಿರಲೆಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅಡಿಕೆ ತೋಟದ ಸಸಿಗಳಿಗೆ ನೀರು ಬಿಡುವ ಪುಟ್ಟ ನಿಯಂತ್ರಕ: ಒಂದು ಆರ್ಡುಯಿನೊ ನ್ಯಾನೊ, ಮಣ್ಣಿನ ತೇವ ಅಳೆಯುವ ಸೆನ್ಸರ್, 5 ವೋಲ್ಟಿನ ರಿಲೇ, ರಿಲೇಯನ್ನು ಓಡಿಸಲು ಬಿಸಿ547 ಟ್ರಾನ್ಸಿಸ್ಟರ್, 12 ವೋಲ್ಟನ್ನು 5ಕ್ಕೆ ಇಳಿಸುವ 7805 ರೆಗ್ಯುಲೇಟರ್, ಮತ್ತು 12 ವೋಲ್ಟಿನಲ್ಲಿ ಸುಮಾರು 1 ಆಂಪಿಯರ್ ಎಳೆಯುವ ಡಿಸಿ ಪಂಪು. ಕಾಲೇಜಿನವರೂ ರೈತರ ಮಕ್ಕಳೂ ಹವ್ಯಾಸಿಗಳೂ ಕಟ್ಟುವಂಥದ್ದೇ ಇದು.

ಬ್ರೆಡ್‌ಬೋರ್ಡ್ ಎಲ್ಲಿಯವರೆಗೆ?

ಮೊದಲ ಪ್ರಯೋಗಕ್ಕೆ ಬ್ರೆಡ್‌ಬೋರ್ಡಿಗಿಂತ ಒಳ್ಳೆಯದಿಲ್ಲ. ಅದರ ರಂಧ್ರಗಳ ನಡುವಿನ ಅಂತರ 2.54 ಮಿ.ಮೀ., ಅಂದರೆ ಒಂದು ಇಂಚಿನ ಹತ್ತನೇ ಒಂದು ಭಾಗ. ಒಳಗೆ ಲೋಹದ ಸಣ್ಣ ಕ್ಲಿಪ್ಪುಗಳಿವೆ. ಈ ಕ್ಲಿಪ್ಪುಗಳಿಗೆ ಹಿತವಾದದ್ದು ಸುಮಾರು ಅರ್ಧ ಮಿ.ಮೀ.ನಿಂದ 0.65 ಮಿ.ಮೀ. ದಪ್ಪದ ಒಂಟಿ ಎಳೆಯ ತಂತಿ, ಅಂದರೆ 24 ಅಥವಾ 22 ಗೇಜಿನದು. 1ಎನ್4007 ಡಯೋಡಿನ ಕಾಲು, 7805ರ ಕಾಲು ಇದಕ್ಕಿಂತ ದಪ್ಪ. ಅವನ್ನು ಒಮ್ಮೆ ತುರುಕಿದ ರಂಧ್ರ ಆಮೇಲೆ ತೆಳ್ಳಗಿನ ತಂತಿಯನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ. ದಪ್ಪ ಕಾಲಿನವಕ್ಕೆ ಬೋರ್ಡಿನ ಒಂದು ಮೂಲೆಯನ್ನು ಮೀಸಲಿಟ್ಟುಬಿಡಿ.

ಅಂಗಡಿಯಲ್ಲಿ ಸಿಗುವ ಬಣ್ಣದ ಜಂಪರ್ ವೈರುಗಳನ್ನು ಪೂರ್ತಿ ನಂಬಬೇಡಿ. ಅಗ್ಗದವುಗಳಲ್ಲಿ ಒಳಗಿರುವುದು ಕೂದಲಿನಷ್ಟು ತೆಳುವಾದ ಕೆಲವೇ ಎಳೆಗಳು. ಎಷ್ಟೋ ಸಲ ಅದು ಶುದ್ಧ ತಾಮ್ರವೂ ಅಲ್ಲ, ಮೇಲೆ ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಅಥವಾ ಉಕ್ಕು. ಅಯಸ್ಕಾಂತ ಹಿಡಿದು ನೋಡಿ, ಎಳೆ ಅಂಟಿಕೊಂಡರೆ ಉಕ್ಕು. ಸೆನ್ಸರಿನ ಸಂಕೇತಕ್ಕೆ ಅವು ನಡೆಯುತ್ತವೆ, ಪಂಪಿನ ಕರೆಂಟಿಗೆ ನಡೆಯುವುದಿಲ್ಲ. ಪಂಪಿನ 1 ಆಂಪಿಯರ್ ಬ್ರೆಡ್‌ಬೋರ್ಡಿನ ಮೂಲಕ ಹಾಯಲೇಬಾರದು. ಆ ದಾರಿಯನ್ನು ಮೊದಲ ದಿನದಿಂದಲೇ ಬೋರ್ಡಿನ ಹೊರಗೆ, ಸ್ಕ್ರೂ ಟರ್ಮಿನಲ್ಲಿನಲ್ಲಿ ಕಟ್ಟಿ.

ಬ್ರೆಡ್‌ಬೋರ್ಡಿನ ಅಕ್ಕಪಕ್ಕದ ಸಾಲುಗಳ ನಡುವೆ ಕೆಲವು ಪಿಕೊಫ್ಯಾರಡ್ ಕೆಪ್ಯಾಸಿಟೆನ್ಸ್ ಕೂಡ ಇರುತ್ತದೆ. ನಮ್ಮ ನೀರಿನ ನಿಯಂತ್ರಕಕ್ಕೆ ಅದು ಲೆಕ್ಕಕ್ಕಿಲ್ಲ. ರೇಡಿಯೊ ಆವರ್ತನದ ಆಸಿಲೇಟರ್ ಕಟ್ಟುವವರಿಗೆ ಮಾತ್ರ ಅಷ್ಟೇ ಸಾಕು, ಆವರ್ತನ ಎಲ್ಲಿಂದೆಲ್ಲಿಗೋ ಹೋಗುತ್ತದೆ. ಅಂಥವರು ಮುಂದೆ ಹೇಳುವ ತಾಮ್ರದ ಹಾಳೆಯ ವಿಧಾನಕ್ಕೆ ಹೋಗುವುದು ಒಳ್ಳೆಯದು.

ಬೋರ್ಡಿನ ಆಯ್ಕೆ

ಬ್ರೆಡ್‌ಬೋರ್ಡಿನಿಂದ ಮುಂದಿನ ಹೆಜ್ಜೆ ನಮ್ಮ ಅಂಗಡಿಗಳಲ್ಲಿ ಜೀರೊ ಪಿಸಿಬಿ, ಡಾಟ್ ಬೋರ್ಡ್, ಜನರಲ್ ಪರ್ಪಸ್ ಬೋರ್ಡ್ ಎಂದೆಲ್ಲ ಕರೆಸಿಕೊಳ್ಳುವ ರಂಧ್ರದ ಹಲಗೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೇಳಿದರೂ ಎರಡು ಬಗೆ ತೋರಿಸುತ್ತಾರೆ. ಕಂದು ಬಣ್ಣದ್ದು ಕಾಗದ ಮತ್ತು ಫೀನಾಲಿಕ್ ರಾಳದಿಂದ ಮಾಡಿದ್ದು. ಹಸಿರು ಅಥವಾ ತಿಳಿಹಳದಿ ಬಣ್ಣದ್ದು ಗ್ಲಾಸ್ ಎಪಾಕ್ಸಿ. ಬೆಲೆಯ ವ್ಯತ್ಯಾಸ ಕಂಡು ಕಂದು ಹಲಗೆಯತ್ತ ಕೈ ಹೋಗುವುದು ಸಹಜ, ಆದರೆ ಕಲಿಯುವವರಿಗೇ ಗ್ಲಾಸ್ ಎಪಾಕ್ಸಿ ಹೆಚ್ಚು ಬೇಕು. ಕಾರಣ ಸರಳ: ಕಲಿಯುವವರು ಒಂದೇ ಜಾಗವನ್ನು ಎರಡು ಮೂರು ಸಲ ಬಿಸಿ ಮಾಡುತ್ತಾರೆ. ಕಂದು ಹಲಗೆಯಲ್ಲಿ ಅಷ್ಟಕ್ಕೇ ತಾಮ್ರದ ಪ್ಯಾಡ್ ಎದ್ದುಬರುತ್ತದೆ. ಎಪಾಕ್ಸಿ ಹಲಗೆಯಲ್ಲೂ ರಂಧ್ರದ ಒಳಗೋಡೆಗೆ ಲೋಹ ಲೇಪಿಸಿದ ಎರಡು ಬದಿಯ ಬೋರ್ಡ್ ಸಿಕ್ಕರೆ ಪ್ಯಾಡ್ ಏಳುವ ಭಯ ಬಹುಪಾಲು ತಪ್ಪುತ್ತದೆ.

ಅಂಗಡಿಯಲ್ಲಿ ತುಂಬ ದಿನ ಕುಳಿತ ಬೋರ್ಡಿನ ತಾಮ್ರ ಕಪ್ಪಾಗಿದ್ದರೆ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಹೊಳಪು ಬರಿಸಿ, ಆಮೇಲೆ ಬೆರಳು ತಾಗಿಸಬೇಡಿ. ಮಸುಕಾದ ತಾಮ್ರಕ್ಕೆ ಬೆಸುಗೆ ಹಿಡಿಯುವುದಿಲ್ಲ. ಹಿಡಿದಂತೆ ಕಂಡರೂ ಹಿಡಿದಿರುವುದಿಲ್ಲ.

ಬೆಸುಗೆಯ ಒಳಗುಟ್ಟು

ಬೆಸುಗೆ ಅಂಟಲ್ಲ. ಕರಗಿದ ತವರವು ತಾಮ್ರದ ಮೇಲೆ ಹರಡಿ ಅದರೊಂದಿಗೆ ಕೂಡಿ ಬಹಳ ತೆಳುವಾದ ಹೊಸ ಲೋಹಸಂಯುಕ್ತದ ಪದರವಾಗುತ್ತದೆ. ಆ ಪದರವೇ ಜೋಡಣೆ. ಅದು ಆಗಬೇಕಾದರೆ ಎರಡು ಷರತ್ತು. ತಾಮ್ರದ ಮೇಲಿನ ಆಕ್ಸೈಡ್ ಹೋಗಬೇಕು, ಆ ಕೆಲಸ ಫ್ಲಕ್ಸಿನದು. ತಾಮ್ರ ತಾನೇ ಬೆಸುಗೆ ಕರಗುವಷ್ಟು ಬಿಸಿಯಾಗಬೇಕು, ಆ ಕೆಲಸ ಸೋಲ್ಡರಿಂಗ್ ಐರನ್ನಿನದು. ಐರನ್ನಿನ ಬಿಟ್ಟಿನ ಮೇಲೆ ಲೆಡ್ (ಬೆಸುಗೆಯ ತಂತಿ) ಕರಗಿಸಿ ಅದನ್ನು ಬಣ್ಣ ಬಳಿದಂತೆ ಕಾಲಿಗೆ ಬಳಿಯುವವರು ಈ ಎರಡನ್ನೂ ಕೆಡಿಸುತ್ತಾರೆ: ದಾರಿಯಲ್ಲೇ ಫ್ಲಕ್ಸ್ ಸುಟ್ಟು ಹೊಗೆಯಾಗುತ್ತದೆ, ತಾಮ್ರ ತಣ್ಣಗೇ ಉಳಿಯುತ್ತದೆ.

ಸರಿಯಾದ ಕ್ರಮ ಹೀಗಿದೆ. ಬಿಟ್ಟಿನ ತುದಿಗೆ ಚೂರೇ ಚೂರು ಹೊಸ ಲೆಡ್ ತಾಗಿಸಿ ಒದ್ದೆ ಮಾಡಿ. ಬಿಟ್ಟನ್ನು ಪ್ಯಾಡಿಗೂ ಬಿಡಿಭಾಗದ ಕಾಲಿಗೂ ಏಕಕಾಲಕ್ಕೆ ತಾಗುವಂತೆ ಇಡಿ. ಒಂದು ಸೆಕೆಂಡ್ ತಾಳಿ. ಆಮೇಲೆ ಬಿಟ್ಟಿನ ಎದುರು ಬದಿಯಿಂದ ಲೆಡ್ಡನ್ನು ಕಾಲಿಗೆ ತಾಗಿಸಿ, ಬಿಟ್ಟಿಗಲ್ಲ. ಅದು ತಾನಾಗಿ ಕರಗಿ ಸುತ್ತಲೂ ಹರಿಯುತ್ತದೆ. ಮೊದಲು ಲೆಡ್ ತೆಗೆಯಿರಿ, ಅರೆಕ್ಷಣ ಬಿಟ್ಟು ಐರನ್ ತೆಗೆಯಿರಿ, ಬೆಸುಗೆ ಗಟ್ಟಿಯಾಗುವ ತನಕ ಏನನ್ನೂ ಅಲುಗಿಸಬೇಡಿ. ಎಲ್ಲ ಸೇರಿ ಎರಡು ಮೂರು ಸೆಕೆಂಡಿನ ಕೆಲಸ. ಐದು ಸೆಕೆಂಡ್ ಆದರೂ ಲೆಡ್ ಹರಿಯದಿದ್ದರೆ ಇನ್ನಷ್ಟು ಒತ್ತಬೇಡಿ. ಐರನ್ ತೆಗೆದು ಕಾರಣ ಹುಡುಕಿ: ಬಿಟ್ ಕಪ್ಪಾಗಿದೆ, ತಾಮ್ರ ಕೊಳೆಯಾಗಿದೆ, ಅಥವಾ ಆ ಪ್ಯಾಡಿಗೆ ದಪ್ಪ ತಂತಿ ಸೇರಿ ಶಾಖವನ್ನೆಲ್ಲ ಎಳೆದುಕೊಳ್ಳುತ್ತಿದೆ.

ಒಳ್ಳೆಯ ಬೆಸುಗೆ ಕಾಲಿನಿಂದ ಪ್ಯಾಡಿನ ಅಂಚಿನವರೆಗೆ ಒಳಬಾಗಿದ ಇಳಿಜಾರಾಗಿರುತ್ತದೆ, ಒಳಗಿನ ಕಾಲಿನ ಆಕಾರ ಹೊರಗೆ ಗುರುತು ಸಿಗುತ್ತದೆ. ಗುಂಡಗೆ ಮಣಿಯಂತೆ ಕುಳಿತಿದ್ದರೆ ಪ್ಯಾಡಿಗೋ ಕಾಲಿಗೋ ಹಿಡಿದಿಲ್ಲ. ಕಾಲಿನ ಸುತ್ತ ಉಂಗುರದಂಥ ಬಿರುಕು ಕಂಡರೆ ಆರುವಾಗ ಅಲುಗಿದೆ. ಇಂಥ ಕಡೆ ಮೇಲಿನಿಂದ ಲೆಡ್ ಸುರಿಯುವುದು ಪರಿಹಾರವಲ್ಲ. ಹಳೆಯದನ್ನು ಬೆಸುಗೆ ಹೀರುವ ಕೈಪಂಪಿನಿಂದ ತೆಗೆದು, ಫ್ಲಕ್ಸ್ ಹಚ್ಚಿ, ಹೊಸದಾಗಿ ಹಾಕಿ.

ಲೆಡ್ಡಿನ ವಿಷಯ. 63 ಭಾಗ ತವರ, 37 ಭಾಗ ಸೀಸ ಇರುವ ಮಿಶ್ರಣ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಮ್ಮೆಲೇ ಕರಗುತ್ತದೆ, ಒಮ್ಮೆಲೇ ಗಟ್ಟಿಯಾಗುತ್ತದೆ. 60/40 ಎಂಬುದು 183ರಲ್ಲಿ ಮೆತ್ತಗಾಗಿ 190ರ ಆಸುಪಾಸಿನಲ್ಲಿ ಪೂರ್ತಿ ದ್ರವವಾಗುತ್ತದೆ. ಆ ನಡುವಿನ ಕೆಸರಿನಂಥ ಸ್ಥಿತಿಯಲ್ಲಿ ಕೈ ಅಲುಗಿದರೆ ಜೋಡಣೆ ಕೆಡುತ್ತದೆ. ಆದ್ದರಿಂದ ಆಯ್ಕೆಯಿದ್ದರೆ 63/37 ಕೊಳ್ಳಿ. ಐರೋಪ್ಯ ಒಕ್ಕೂಟ 2006ರ ಜುಲೈ 1ರಿಂದ ಮಾರಾಟದ ಎಲೆಕ್ಟ್ರಾನಿಕ್ ಉಪಕರಣಗಳಲ್ಲಿ ಸೀಸವನ್ನು ನಿರ್ಬಂಧಿಸಿದ ಮೇಲೆ ಕಾರ್ಖಾನೆಗಳು ತವರ, ಬೆಳ್ಳಿ, ತಾಮ್ರದ ಮಿಶ್ರಣಕ್ಕೆ ಹೊರಳಿದವು. ಅದು ಕರಗುವುದು 217 ಡಿಗ್ರಿಯ ಮೇಲೆ, ಆರಿದಾಗ ಮಸುಕಾಗಿಯೇ ಕಾಣುತ್ತದೆ. ಹಾಗಾಗಿ ಹೊಳಪಿಲ್ಲ ಎಂಬ ಒಂದೇ ಕಾರಣಕ್ಕೆ ಸೀಸರಹಿತ ಬೆಸುಗೆಯನ್ನು ಕೆಟ್ಟದ್ದೆನ್ನಬಾರದು, ಆಕಾರ ನೋಡಬೇಕು. ಜೀರೊ ಬೋರ್ಡಿನ ಕೆಲಸಕ್ಕೆ 0.8 ಮಿ.ಮೀ. ದಪ್ಪದ, ಒಳಗೆ ರಾಳದ ಫ್ಲಕ್ಸ್ ಇರುವ ತಂತಿ ಅನುಕೂಲ. ಕೊಳಾಯಿ ಮತ್ತು ತಗಡಿನ ಕೆಲಸಕ್ಕೆ ಬಳಸುವ ಆಸಿಡ್ ಫ್ಲಕ್ಸ್ ಮಾತ್ರ ಎಂದೂ ಬೇಡ. ಅದು ಉಳಿದಲ್ಲಿ ತಿಂಗಳುಗಟ್ಟಲೆ ತಾಮ್ರವನ್ನು ತಿನ್ನುತ್ತಲೇ ಇರುತ್ತದೆ.

ಐರನ್ ಯಾವುದು? ನಮ್ಮಲ್ಲಿ ಬಹಳ ಜನ ಕಲಿತದ್ದು 25 ವಾಟಿನ ಸಾದಾ ಐರನ್ನಿನಲ್ಲಿ, ಇಂದಿಗೂ ಅದರಲ್ಲಿ ಒಳ್ಳೆಯ ಕೆಲಸ ಮಾಡಬಹುದು. ಆದರೆ ಅದಕ್ಕೆ ತಾಪ ನಿಯಂತ್ರಣವಿಲ್ಲ; ಸ್ಟ್ಯಾಂಡಿನಲ್ಲಿ ಸುಮ್ಮನೆ ಕುಳಿತಾಗ ಅಗತ್ಯಕ್ಕಿಂತ ಹೆಚ್ಚು ಕಾಯುತ್ತದೆ, ದಪ್ಪ ತಂತಿಗೆ ತಾಗಿಸಿದಾಗ ತಣಿಯುತ್ತದೆ. ವರ್ಷಕ್ಕೆ ನಾಲ್ಕಾರು ಬೋರ್ಡ್ ಕಟ್ಟುವವರು ತಾಪ ಹೊಂದಿಸುವ ಸ್ಟೇಶನ್ ಕೊಂಡರೆ ದುಡ್ಡು ವ್ಯರ್ಥವಲ್ಲ. ಸೀಸದ ಬೆಸುಗೆಗೆ 320ರಿಂದ 350 ಡಿಗ್ರಿ, ಸೀಸರಹಿತಕ್ಕೆ 350ರಿಂದ 380 ಸಾಕು. ಸೂಜಿಮೊನೆಯ ಬಿಟ್ ನಿಖರ ಎಂದು ತೋರುತ್ತದೆ, ಆದರೆ ಅದರ ತುದಿಯಿಂದ ಶಾಖ ಸಾಗುವುದೇ ಇಲ್ಲ. ಸುಮಾರು 2 ಮಿ.ಮೀ. ಅಗಲದ ಉಳಿಮೊನೆಯ ಬಿಟ್ ಜೀರೊ ಬೋರ್ಡಿನ ಎಲ್ಲ ಕೆಲಸಕ್ಕೂ ಆಗುತ್ತದೆ. ಬಿಟ್ಟನ್ನು ಒದ್ದೆ ಸ್ಪಂಜಿನಲ್ಲೋ ಹಿತ್ತಾಳೆಯ ಸುರುಳಿಯಲ್ಲೋ ಒರೆಸಿ, ಐರನ್ ಆರಿಸುವ ಮೊದಲು ತುದಿಗೆ ಧಾರಾಳ ಲೆಡ್ ಹಚ್ಚಿಡಿ. ಹಳೆಯ ಬರಿ ತಾಮ್ರದ ಬಿಟ್ಟನ್ನು ಅರದಿಂದ ಉಜ್ಜಬಹುದು. ಕಬ್ಬಿಣ ಲೇಪಿಸಿದ ಹೊಸ ಬಿಟ್ಟುಗಳನ್ನು ಉಜ್ಜಿದರೆ ಲೇಪ ಹೋಗಿ ಬಿಟ್ಟೇ ಹಾಳು.

ಹೊಗೆಯ ಬಗ್ಗೆ ತಪ್ಪು ತಿಳಿವಳಿಕೆಯೊಂದಿದೆ. ಸೀಸ ಕುದಿಯುವುದು 1,700 ಡಿಗ್ರಿಯ ಮೇಲೆ, ಐರನ್ನಿನ ತಾಪದಲ್ಲಿ ಅದು ಆವಿಯಾಗುವುದಿಲ್ಲ. ಏಳುವ ಹೊಗೆ ರಾಳದ ಫ್ಲಕ್ಸಿನದು. ಹಾಗೆಂದು ಅದು ನಿರುಪದ್ರವಿಯಲ್ಲ. ದಿನವೂ ಉಸಿರಾಡಿದರೆ ಆಸ್ತಮಾ ತರಬಲ್ಲದು. ಹೊಗೆಯನ್ನು ಮುಖದಿಂದ ಆಚೆಗೆ ಎಳೆಯುವಂತೆ ಕಂಪ್ಯೂಟರಿನ ಹಳೆಯ ಫ್ಯಾನ್ ಒಂದನ್ನು ಇಟ್ಟುಕೊಳ್ಳಿ, ಕಿಟಕಿ ತೆರೆದಿಡಿ. ಸೀಸ ದೇಹಕ್ಕೆ ಸೇರುವುದು ಬಾಯಿಯ ಮೂಲಕ, ಕೈಗಂಟಿದ ಧೂಳಿನಿಂದ. ಲೆಡ್ ತಂತಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುವುದು, ಕೆಲಸದ ಮೇಜಿನಲ್ಲೇ ತಿಂಡಿ ತಿನ್ನುವುದು ಎರಡನ್ನೂ ಬಿಡಿ. ಎದ್ದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಮನೆಯಲ್ಲಿ ಮಕ್ಕಳಿದ್ದರೆ ಕತ್ತರಿಸಿದ ತುಣುಕುಗಳನ್ನು ಅಂದಂದೇ ಗುಡಿಸಿ ಎತ್ತಿಡಿ.

ಮೊದಲು ಕಾಗದ, ಆಮೇಲೆ ಐರನ್

ಚೌಕಳಿ ಕಾಗದದಲ್ಲಿ ಬೋರ್ಡಿನ ರಂಧ್ರಕ್ಕೊಂದು ಚೌಕದಂತೆ ಬಿಡಿಭಾಗಗಳನ್ನು ಬರೆದು ನೋಡುವ ಅರ್ಧ ಗಂಟೆ ಆಮೇಲಿನ ಇಡೀ ಸಂಜೆಯನ್ನು ಉಳಿಸುತ್ತದೆ. ಗಮನಿಸಬೇಕಾದ್ದು: ನೀವು ಬರೆದದ್ದು ಮೇಲಿನಿಂದ ಕಾಣುವ ನೋಟ, ಬೆಸೆಯುವುದು ತಿರುಗಿಸಿದ ಕೆಳಮುಖದಲ್ಲಿ. ಅಲ್ಲಿ ಎಡ ಬಲವಾಗುತ್ತದೆ. ಕಾಗದವನ್ನು ಬೆಳಕಿಗೆ ಹಿಡಿದು ಹಿಂಬದಿಯಿಂದ ಅದೇ ಗೆರೆಗಳನ್ನು ಎಳೆದಿಟ್ಟುಕೊಳ್ಳಿ. ಐ.ಸಿ.ಯ ಒಂದನೇ ಪಿನ್ ಎಲ್ಲಿದೆ ಎಂದು ಬೋರ್ಡಿನ ಕೆಳಗೂ ಮಾರ್ಕರಿನಿಂದ ಚುಕ್ಕೆ ಇಡಿ.

ಜಾಗ ಹಂಚುವಾಗ ಕರೆಂಟಿನ ದಾರಿಯನ್ನು ಮನಸ್ಸಿನಲ್ಲಿಡಿ. ನಮ್ಮ ನಿಯಂತ್ರಕದಲ್ಲಿ ಒಂದು ಕಡೆ 12 ವೋಲ್ಟ್ ಒಳಬರುವ ಟರ್ಮಿನಲ್, ಅದರ ಪಕ್ಕ ರಿಲೇ, ಪಂಪಿಗೆ ಹೋಗುವ ಟರ್ಮಿನಲ್. ಎದುರು ತುದಿಯಲ್ಲಿ ಸೆನ್ಸರ್. ನಡುವೆ 7805 ಮತ್ತು ನ್ಯಾನೊ. 7805 ಮೇಲೆ 12 ಮತ್ತು 5ರ ನಡುವಿನ 7 ವೋಲ್ಟ್ ಬೀಳುತ್ತದೆ. 150 ಮಿಲಿಆಂಪಿಯರ್ ಎಳೆದರೆ 1 ವಾಟಿಗೂ ಮಿಕ್ಕಿದ ಶಾಖ. ಹೀಟ್ ಸಿಂಕ್ ಇಲ್ಲದಿದ್ದರೆ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ. ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರನ್ನು ಅದಕ್ಕೆ ಒರಗಿಸಿ ಇಡಬೇಡಿ. ಪ್ರತಿ 10 ಡಿಗ್ರಿ ಏರಿಕೆಗೆ ಅದರ ಆಯಸ್ಸು ಸರಿಸುಮಾರು ಅರ್ಧವಾಗುತ್ತದೆ ಎಂಬುದು ಎಂಜಿನಿಯರುಗಳು ಬಳಸುವ ಲೆಕ್ಕ.

ನ್ಯಾನೊವನ್ನು ನೇರವಾಗಿ ಬೆಸೆಯದೆ ಹೆಣ್ಣು ಬರ್ಗ್ ಸ್ಟ್ರಿಪ್ಪಿನ ಮೇಲೆ ಕೂರಿಸಿ, ಐ.ಸಿ.ಗಳಿಗೆ ಬೇಸ್ ಹಾಕಿ. ಬೆಸೆಯುವಾಗ ಕುಳ್ಳಗಿನವು ಮೊದಲು: ಕೆಳಕ್ಕೆ ಒರಗುವ ತಂತಿ, ರೆಸಿಸ್ಟರ್, ಡಯೋಡ್, ಆಮೇಲೆ ಬೇಸ್, ಕೊನೆಗೆ ರಿಲೇ ಮತ್ತು ಟರ್ಮಿನಲ್. ಹಾಗಿದ್ದರೆ ಬೋರ್ಡ್ ತಿರುಗಿಸಿ ಇಟ್ಟಾಗ ಯಾವುದೂ ಜಾರಿ ಬೀಳುವುದಿಲ್ಲ.

ಗ್ರೌಂಡ್ ಮೊದಲು

ತಂತಿ ಎಳೆಯುವ ಕೆಲಸದಲ್ಲಿ ಒಂದೇ ಒಂದು ನಿಯಮ ಪಾಲಿಸಲು ಸಾಧ್ಯವಿದ್ದರೆ ಇದನ್ನು ಪಾಲಿಸಿ: ಗ್ರೌಂಡ್ ಮೊದಲು, ಸಪ್ಲೈ ಎರಡನೆಯದು, ಸಂಕೇತಗಳು ಕೊನೆಗೆ. ಎಷ್ಟೋ ಮಂದಿ ತದ್ವಿರುದ್ಧ ಮಾಡುತ್ತಾರೆ. ಸಂಕೇತದ ತಂತಿಗಳನ್ನೆಲ್ಲ ಹಾಕಿ ಮುಗಿಸಿ, ಉಳಿದ ಸಂದುಗಳಲ್ಲಿ ಗ್ರೌಂಡನ್ನು ಇಲ್ಲಿಂದಲ್ಲಿಗೆ, ಅಲ್ಲಿಂದಿಲ್ಲಿಗೆ ಹಾರಿಸುತ್ತಾರೆ.

ಅದರ ಪರಿಣಾಮವನ್ನು ಲೆಕ್ಕ ಹಾಕಿಯೇ ನೋಡೋಣ. 30 ಗೇಜಿನ ತೆಳು ತಂತಿಯ ಪ್ರತಿರೋಧ ಮೀಟರಿಗೆ ಸುಮಾರು 0.34 ಓಮ್. ಅಂಥ 15 ಸೆಂ.ಮೀ. ತಂತಿಯಲ್ಲಿ ಸೆನ್ಸರಿನ ಗ್ರೌಂಡೂ ಪಂಪಿನ ಗ್ರೌಂಡೂ ಒಟ್ಟಿಗೆ ಹಾಯುತ್ತಿವೆ ಎನ್ನಿ. ಅದರ ಪ್ರತಿರೋಧ 0.05 ಓಮ್. ಪಂಪು 1 ಆಂಪಿಯರ್ ಎಳೆದಾಗ 50 ಮಿಲಿವೋಲ್ಟ್ ಬೀಳುತ್ತದೆ. ನ್ಯಾನೊದ ಅಳತೆಯ ಒಂದು ಹೆಜ್ಜೆ 5 ವೋಲ್ಟಿನ 1,024ನೇ ಒಂದು ಭಾಗ, ಅಂದರೆ ಸುಮಾರು 4.9 ಮಿಲಿವೋಲ್ಟ್. ಪಂಪು ಓಡಿದ ಕ್ಷಣದಲ್ಲಿ ತೇವದ ಅಂಕಿ ಹತ್ತು ಹೆಜ್ಜೆ ಜಿಗಿಯುತ್ತದೆ! ಮಣ್ಣು ಹಾಗೇ ಇದೆ, ಬದಲಾಗಿದ್ದು ಗ್ರೌಂಡಿನ ತಂತಿ. ಪ್ರೋಗ್ರಾಮಿನಲ್ಲಿ ಸರಾಸರಿ ತೆಗೆದು ಇದನ್ನು ಸರಿಪಡಿಸಲು ಹೊರಟರೆ ದಿನಗಳೇ ಹೋಗುತ್ತವೆ. ಪರಿಹಾರವೆಂದರೆ 12 ವೋಲ್ಟಿನ ಟರ್ಮಿನಲ್ಲಿನ ಒಂದೇ ಬಿಂದುವಿನಿಂದ ಎರಡು ಗ್ರೌಂಡ್ ಹೊರಡಿಸುವುದು: ಪಂಪಿಗೂ ರಿಲೇಗೂ ದಪ್ಪನೆಯದೊಂದು, ನ್ಯಾನೊ ಮತ್ತು ಸೆನ್ಸರಿಗೆ ಬೇರೆಯದೊಂದು.

ಬೋರ್ಡಿನ ಮೇಲೆ ಗ್ರೌಂಡ್ ಮತ್ತು 5 ವೋಲ್ಟಿನ ಹಳಿಗಳಿಗೆ ತವರ ಲೇಪಿಸಿದ ಬರಿ ತಾಮ್ರದ ತಂತಿ ಚೆನ್ನಾಗಿರುತ್ತದೆ. ಅದನ್ನು ಇಕ್ಕಳದಲ್ಲಿ ಹಿಡಿದು ಒಮ್ಮೆ ಬಲವಾಗಿ ಎಳೆದರೆ ನೇರವಾಗುತ್ತದೆ. ನಾಲ್ಕೈದು ಪ್ಯಾಡಿಗೊಮ್ಮೆ ಬೆಸೆದು ಕೂರಿಸಿ. ಪ್ಯಾಡಿನಿಂದ ಪ್ಯಾಡಿಗೆ ಬರಿ ಲೆಡ್ಡನ್ನೇ ಸುರಿದು ದಾರಿ ಮಾಡುವ ಅಭ್ಯಾಸ ಬಹಳ ಕಡೆ ಇದೆ. ಬೆಸುಗೆಯ ಲೋಹ ತಾಮ್ರಕ್ಕಿಂತ ಕೆಟ್ಟ ವಾಹಕ, ಬೋರ್ಡ್ ಸ್ವಲ್ಪ ಬಾಗಿದರೆ ಬಿರುಕು ಬಿಡುತ್ತದೆ. ರೆಸಿಸ್ಟರಿನ ಕತ್ತರಿಸಿದ ಕಾಲುಗಳನ್ನು ಒಂದು ಡಬ್ಬಿಯಲ್ಲಿ ಕೂಡಿಡಿ, ಹತ್ತಿರದ ಪ್ಯಾಡುಗಳಿಗೆ ಅವೇ ಸಾಕು.

ಸಪ್ಲೈಯ ಜೊತೆಗೇ ಡಿಕಪ್ಲಿಂಗ್ ಕೆಪ್ಯಾಸಿಟರ್ ಬರಬೇಕು. 104 ಎಂದು ಬರೆದಿರುವ 0.1 ಮೈಕ್ರೊಫ್ಯಾರಡಿನ ಸೆರಾಮಿಕ್ ಕೆಪ್ಯಾಸಿಟರನ್ನು ಪ್ರತಿ ಐ.ಸಿ.ಯ ಸಪ್ಲೈ ಪಿನ್ನಿಗೂ ಗ್ರೌಂಡ್ ಪಿನ್ನಿಗೂ ಆದಷ್ಟು ಹತ್ತಿರ, ಕಾಲು ಕುಳ್ಳಗಾಗಿಸಿ ಹಾಕಿ. ತಂತಿಯ ಪ್ರತಿ ಮಿ.ಮೀ.ಗೂ ಸುಮಾರು 1 ನ್ಯಾನೊಹೆನ್ರಿ ಇಂಡಕ್ಟೆನ್ಸ್ ಇದೆ, 5 ಸೆಂ.ಮೀ. ದೂರ ಇಟ್ಟ ಕೆಪ್ಯಾಸಿಟರ್ ವೇಗದ ಸ್ವಿಚಿಂಗಿಗೆ ಒದಗುವುದಿಲ್ಲ. 7805ರ ಎರಡೂ ಬದಿಗೆ ಕೂಡ ಅದರ ಡೇಟಾಶೀಟ್ ಹೇಳುವ ಸಣ್ಣ ಕೆಪ್ಯಾಸಿಟರುಗಳನ್ನು ತಪ್ಪಿಸಬೇಡಿ. ರಿಲೇಯ ಕಾಯಿಲಿಗೆ ಅಡ್ಡಲಾಗಿ 1ಎನ್4007, ಅದರ ಬಿಳಿ ಪಟ್ಟಿ ಧನದ ಕಡೆಗೆ. ಆ ಡಯೋಡ್ ಇಲ್ಲದಿದ್ದರೆ ರಿಲೇ ಆಫ್ ಆಗುವಾಗ ಕಾಯಿಲ್ ಉಕ್ಕಿಸುವ ಹಿಮ್ಮುಖ ವೋಲ್ಟೇಜು ಬಿಸಿ547ನ್ನು ಕೊಲ್ಲುತ್ತದೆ. ಸಾಮಾನ್ಯ 5 ವೋಲ್ಟಿನ ಪುಟ್ಟ ರಿಲೇಯ ಕಾಯಿಲ್ 70 ಮಿಲಿಆಂಪಿಯರಿನಷ್ಟು ಎಳೆಯುತ್ತದೆ, ಬಿಸಿ547ರ ಮಿತಿ 100. ಅದಕ್ಕಿಂತ ದೊಡ್ಡ ರಿಲೇಗೆ ಬೇರೆ ಟ್ರಾನ್ಸಿಸ್ಟರ್ ಬೇಕು.

ಸಂಕೇತದ ತಂತಿಗಳಿಗೆ ಮಾತ್ರ ತೆಳುವಾದದ್ದೇ ಹಿತ. 30 ಗೇಜಿನ ವೈರ್ ರ‍್ಯಾಪ್ ತಂತಿಯ ಹೊದಿಕೆ ಐರನ್ನಿನ ಶಾಖಕ್ಕೆ ಸುಲಭವಾಗಿ ಕುಗ್ಗುವುದಿಲ್ಲ, ಬೋರ್ಡಿನ ಕೆಳಗೆ ದಟ್ಟವಾಗಿ ಹಾಸಬಹುದು. ಚೌಕನೆಯ ಕಂಬಕ್ಕೆ ತಂತಿಯನ್ನು ಬಿಗಿಯಾಗಿ ಸುತ್ತಿ, ಬೆಸುಗೆಯೇ ಇಲ್ಲದೆ ಜೋಡಿಸುವ ವಿಧಾನಕ್ಕೆಂದು ಬಂದ ತಂತಿ ಇದು. ಚಂದ್ರನಿಗೆ ಹೋದ ಅಪೊಲೊ ನೌಕೆಗಳ ಗೈಡೆನ್ಸ್ ಕಂಪ್ಯೂಟರಿನ ಮಾಡ್ಯೂಲುಗಳನ್ನು ಪರಸ್ಪರ ಜೋಡಿಸಿದ್ದೂ ವೈರ್ ರ‍್ಯಾಪಿನಿಂದಲೇ. ಕಂಬದ ಚೂಪು ಅಂಚುಗಳು ತಂತಿಯೊಳಗೆ ಕಚ್ಚಿಕೊಂಡು ಗಾಳಿಯೂ ನುಸುಳದ ಸಂಪರ್ಕವಾಗುತ್ತದೆ. ಸುತ್ತುವ ಉಪಕರಣ ನಮ್ಮಲ್ಲಿ ಈಗ ಅಪರೂಪ, ತಂತಿ ಮಾತ್ರ ಸಿಗುತ್ತದೆ.

ಬಣ್ಣದ ಶಿಸ್ತು ಬೇಕೇ ಬೇಕು. ಕೆಂಪು ಧನಕ್ಕೆ, ಕಪ್ಪು ಗ್ರೌಂಡಿಗೆ, ಇವೆರಡನ್ನು ಬೇರೆ ಯಾವುದಕ್ಕೂ ಬಳಸಬೇಡಿ. 12 ವೋಲ್ಟಿಗೆ ಹಳದಿ ಇಟ್ಟುಕೊಂಡರೆ 5ರ ಜೊತೆ ಗೊಂದಲವಾಗುವುದಿಲ್ಲ. ಮನೆಯ ವೈರಿಂಗಿನಲ್ಲಿ ಕಪ್ಪು ನ್ಯೂಟ್ರಲ್, ಕೆಂಪು ಹಳದಿ ನೀಲಿಗಳು ಫೇಸ್, ಹಸಿರು ಅರ್ತ್. ಒಂದೇ ಪೆಟ್ಟಿಗೆಯಲ್ಲಿ ಎರಡೂ ಬಗೆಯ ವೈರಿಂಗ್ ಬಂದರೆ ಬಣ್ಣವನ್ನು ನಂಬಿ ಕೈ ಹಾಕಬೇಡಿ.

230 ವೋಲ್ಟಿನ ಮಾತು ಬಂದದ್ದರಿಂದ ಖಡಾಖಂಡಿತವಾಗಿ ಹೇಳಬೇಕು. ಮನೆಯ ಕರೆಂಟನ್ನು ಜೀರೊ ಬೋರ್ಡಿಗೆ ತರಬೇಡಿ. ಅಕ್ಕಪಕ್ಕದ ಪ್ಯಾಡುಗಳ ನಡುವೆ 1 ಮಿ.ಮೀ. ಅಂತರವೂ ಇರುವುದಿಲ್ಲ; ಮಳೆಗಾಲದ ತೇವ, ಧೂಳು, ಫ್ಲಕ್ಸಿನ ಜಿಡ್ಡು ಸೇರಿದರೆ ಅಲ್ಲಿ ಕಿಡಿ ಹಾರುತ್ತದೆ. 230 ವೋಲ್ಟಿನ ಮೋಟರೇ ಓಡಬೇಕೆಂದಿದ್ದರೆ ಕಾರ್ಖಾನೆಯಲ್ಲಿ ಮಾಡಿದ ಕಾಂಟ್ಯಾಕ್ಟರ್ ಬಳಸಿ, ಆ ಭಾಗವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೆ ಬಿಡಿ.

ಬೋರ್ಡಿನ ಆಚೆಗೆ ಹೋಗುವ ತಂತಿ

ಬೋರ್ಡಿನ ಒಳಗೆ ಒಂಟಿ ಎಳೆ, ಹೊರಗೆ ಹಲವು ಎಳೆ. ಅಲುಗಾಡುವ ಕಡೆ ಒಂಟಿ ಎಳೆಯ ತಂತಿ ಬೇಗ ತುಂಡಾಗುತ್ತದೆ. ಹಲವು ಎಳೆಯ ತಂತಿ ತುಂಡಾಗುವುದೂ ಒಂದು ನಿಶ್ಚಿತ ಜಾಗದಲ್ಲಿ: ಬೆಸುಗೆ ಎಳೆಗಳ ನಡುವೆ ಏರಿ ನಿಂತ ಅಂಚಿನಲ್ಲಿ. ಅಲ್ಲಿಯವರೆಗೆ ತಂತಿ ಸಲಾಕೆಯಂತೆ ಗಟ್ಟಿ, ಅಲ್ಲಿಂದಾಚೆ ಮೆತ್ತಗೆ. ಬಾಗುವ ಶ್ರಮವೆಲ್ಲ ಆ ಗಡಿಯ ಮೇಲೆ ಬೀಳುತ್ತದೆ. ಆದ್ದರಿಂದ ತಂತಿಯನ್ನು ಪ್ಯಾಡಿಗೆ ಬೆಸೆಯುವ ಮೊದಲು ಪಕ್ಕದಲ್ಲಿ ದೊಡ್ಡದಾಗಿ ಕೊರೆದ ಒಂದು ರಂಧ್ರದ ಮೂಲಕ ಕೆಳಗಿನಿಂದ ಮೇಲಕ್ಕೆ ಹೊಲಿದಂತೆ ತನ್ನಿ. ಎಳೆತ ಹೊದಿಕೆಯ ಮೇಲೆ ಬೀಳುತ್ತದೆ, ಬೆಸುಗೆಯ ಮೇಲಲ್ಲ.

ಸ್ಕ್ರೂ ಟರ್ಮಿನಲ್ಲಿಗೆ ಹಾಕುವ ತುದಿಗೆ ಲೆಡ್ ಹಚ್ಚಬೇಡಿ. ಇದನ್ನು ಅಂದವೆಂದು ತಿಳಿದು ಮಾಡುವವರು ಬಹಳ. ಬೆಸುಗೆ ಮೆತ್ತನೆಯ ಲೋಹ, ಸ್ಕ್ರೂವಿನ ಒತ್ತಡದಡಿ ನಿಧಾನವಾಗಿ ಹರಿದು ಚಪ್ಪಟೆಯಾಗುತ್ತದೆ, ಕೆಲವು ತಿಂಗಳಲ್ಲಿ ಹಿಡಿತ ಸಡಿಲವಾಗಿ ಅಲ್ಲಿ ಕಾವು ಹುಟ್ಟುತ್ತದೆ. ಎಳೆಗಳನ್ನು ಹುರಿಗೊಳಿಸಿ ಹಾಗೇ ಹಾಕಿ, ಇಲ್ಲವೇ ತುದಿಗೆ ಲೋಹದ ಪುಟ್ಟ ಫೆರೂಲ್ ಹಾಕಿ ಒತ್ತಿ.

ಎರಡು ತಂತಿಗಳನ್ನು ನಡುವೆ ಜೋಡಿಸಬೇಕಾದಾಗ ಹಳೆಯ ಟೆಲಿಗ್ರಾಫ್ ಲೈನ್‌ಮನ್‌ಗಳ ಗಂಟಿಗಿಂತ ಉತ್ತಮವಾದದ್ದು ಇನ್ನೂ ಬಂದಿಲ್ಲ. ಎರಡು ತುದಿಗಳನ್ನು ಗುಣಾಕಾರದ ಚಿಹ್ನೆಯಂತೆ ಅಡ್ಡ ಇಟ್ಟು, ಪ್ರತಿಯೊಂದನ್ನು ಇನ್ನೊಂದರ ಮೈಗೆ ಒತ್ತೊತ್ತಾಗಿ ನಾಲ್ಕೈದು ಸುತ್ತು ಸುತ್ತಿ, ಆಮೇಲೆ ಬೆಸೆಯುವುದು. ನಾಸಾದ ಕೆಲಸಗಾರಿಕೆಯ ಮಾನದಂಡಗಳಲ್ಲಿ ಈ ಗಂಟಿಗೆ ಇಂದಿಗೂ ಜಾಗವಿದೆ. ಹೀಟ್ ಶ್ರಿಂಕ್ ತೋಳನ್ನು ಸುತ್ತುವ ಮೊದಲೇ ತಂತಿಗೆ ಏರಿಸಿ, ಬೆಸುಗೆಯ ಕಾವು ತಾಗದಷ್ಟು ದೂರ ಸರಿಸಿಡಿ. ಹೊದಿಕೆ ಸುಲಿಯಲು ಸ್ಟ್ರಿಪ್ಪರ್ ಬಳಸಿ. ಬ್ಲೇಡಿನ ಗೀರು ಬಿದ್ದ ಎಳೆ ಮುಂದೊಂದು ದಿನ ಅಲ್ಲೇ ಮುರಿಯುತ್ತದೆ.

ಸೆನ್ಸರಿನಂಥ ಬಿಚ್ಚಿ ಹಾಕುವ ಜಾಗಕ್ಕೆ ಅಂಗಡಿಯವರು ರಿಲಿಮೇಟ್ ಎನ್ನುವ ಕನೆಕ್ಟರ್ ಒಳ್ಳೆಯದು, ತಲೆಕೆಳಗಾಗಿ ಸುಲಭಕ್ಕೆ ಕೂರುವುದಿಲ್ಲ. ಸೆನ್ಸರ್ ದೂರವಿದ್ದರೆ ಪ್ರತಿ ಸಂಕೇತದ ಪಕ್ಕದಲ್ಲೇ ಒಂದು ಗ್ರೌಂಡ್ ತಂತಿ ಹುರಿಯಾಗಿ ಬರಲಿ. ಪಂಪಿನ ತಂತಿಯ ಜೊತೆ ಅದನ್ನು ಒಂದೇ ಕಟ್ಟಿನಲ್ಲಿ ಬಿಗಿಯಬೇಡಿ.

ತಾಮ್ರದ ಹಾಳೆಯ ಮೇಲೆ

ರೇಡಿಯೊ ಮತ್ತು ಸೂಕ್ಷ್ಮ ಅನಲಾಗ್ ಸರ್ಕ್ಯೂಟುಗಳನ್ನು ಕಟ್ಟುವವರಿಗೆ ಬೇರೆಯದೇ ದಾರಿಯಿದೆ. ಎಚ್ಚಣೆ ಮಾಡದ ಕಾಪರ್ ಕ್ಲಾಡ್ ಹಲಗೆಯನ್ನೇ ಗ್ರೌಂಡ್ ಆಗಿ ಹಾಸಿ, ಐ.ಸಿ.ಯನ್ನು ಕಾಲು ಮೇಲಾಗಿ ಮಲಗಿಸಿ, ಬಿಡಿಭಾಗಗಳನ್ನು ಗಾಳಿಯಲ್ಲೇ ಒಂದಕ್ಕೊಂದು ಬೆಸೆಯುವುದು. ಗ್ರೌಂಡಿಗೆ ಹೋಗುವ ಪ್ರತಿ ಕಾಲೂ ನೇರ ಹಾಳೆಗೇ ಇಳಿಯುತ್ತದೆ, ಅದೇ ಉಳಿದದ್ದಕ್ಕೂ ಆಧಾರಸ್ತಂಭ. ನೋಟಕ್ಕೆ ಒಡ್ಡೊಡ್ಡಾಗಿದ್ದರೂ ವಿದ್ಯುತ್ತಿನ ದೃಷ್ಟಿಯಿಂದ ಇದು ಜೀರೊ ಬೋರ್ಡಿಗಿಂತ ಬಹಳ ಮೇಲು. ಲಿನಿಯರ್ ಟೆಕ್ನಾಲಜಿಯ ಜಿಮ್ ವಿಲಿಯಮ್ಸ್ 1991ರ ತಮ್ಮ ಅಪ್ಲಿಕೇಶನ್ ನೋಟ್ 47ರಲ್ಲಿ ಅತಿವೇಗದ ಆಂಪ್ಲಿಫೈಯರುಗಳನ್ನು ಹೀಗೆ ಕಟ್ಟುವುದನ್ನು ಚಿತ್ರಗಳ ಸಹಿತ ತೋರಿಸಿದ್ದಾರೆ. ಹೈದರಾಬಾದಿನ ಅಷ್‌ಹರ್ ಫರ್ಹಾನ್ ರೂಪಿಸಿದ ಬಿಟ್ಎಕ್ಸ್ ಎಂಬ ಹ್ಯಾಮ್ ರೇಡಿಯೊವನ್ನು ಜಗತ್ತಿನ ಹಲವೆಡೆ ಹವ್ಯಾಸಿಗಳು ಇದೇ ರೀತಿಯಲ್ಲಿ ಕಟ್ಟಿಕೊಂಡಿದ್ದಾರೆ. ಇದೇ ಹಲಗೆಯ ಚಿಕ್ಕ ಚೌಕಗಳನ್ನು ಕತ್ತರಿಸಿ ಸೂಪರ್‌ಗ್ಲೂನಿಂದ ಅಂಟಿಸಿ ಪ್ಯಾಡ್ ಮಾಡಿಕೊಂಡರೆ ನೋಟವೂ ಅಚ್ಚುಕಟ್ಟು. ಇಷ್ಟು ದೊಡ್ಡ ತಾಮ್ರಕ್ಕೆ 25 ವಾಟಿನ ಐರನ್ ಸಾಲದು. 40 ವಾಟ್ ಅಥವಾ ಹೆಚ್ಚಿನದು, ಅಗಲ ಬಿಟ್ಟಿನದು ಬೇಕು.

ಕರೆಂಟ್ ಕೊಡುವ ಮುನ್ನ

ನ್ಯಾನೊ ಮತ್ತು ಐ.ಸಿ.ಗಳನ್ನು ಇನ್ನೂ ಕೂರಿಸಬೇಡಿ. ಒಳ್ಳೆಯ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ಪ್ರತಿ ಬೆಸುಗೆಯನ್ನೂ ನೋಡಿ. ಪ್ಯಾಡುಗಳ ನಡುವೆ ಸಿಕ್ಕಿಕೊಂಡ ಎಳೆ, ಲೆಡ್ಡಿನ ಸೇತುವೆ ಇಲ್ಲೇ ಸಿಗುತ್ತವೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಫ್ಲಕ್ಸ್ ತೊಳೆದರೆ ಇನ್ನೂ ಸ್ಪಷ್ಟ. ಐರನ್ ಆರಿದ ಮೇಲೆಯೇ ಇದನ್ನು ಮಾಡಿ, ಆ ದ್ರವ ಬೇಗ ಹೊತ್ತಿಕೊಳ್ಳುತ್ತದೆ.

ಆಮೇಲೆ ಮಲ್ಟಿಮೀಟರನ್ನು ಬೀಪ್‌ನಲ್ಲಿಟ್ಟು 5 ವೋಲ್ಟ್ ಮತ್ತು ಗ್ರೌಂಡ್ ಹಳಿಗಳಿಗೆ ಹಿಡಿಯಿರಿ. ಕೆಪ್ಯಾಸಿಟರಿನಿಂದಾಗಿ ಚಿಕ್ಕದಾಗಿ ಒಮ್ಮೆ ಕೂಗಿ ನಿಂತರೆ ಚಿಂತೆಯಿಲ್ಲ. ಕೂಗುತ್ತಲೇ ಇದ್ದರೆ ಶಾರ್ಟ್. ಚಿತ್ರದ ಪ್ರತಿ ಗೆರೆಯನ್ನೂ ಹೀಗೆ ಪರೀಕ್ಷಿಸಿ, ಪರೀಕ್ಷಿಸಿದ್ದರ ಮೇಲೆ ಬಣ್ಣದ ಪೆನ್ಸಿಲ್ ಎಳೆಯುತ್ತ ಹೋಗಿ. ಬೇಸರದ ಕೆಲಸ, ಆದರೆ ಇಡೀ ಕಟ್ಟುವಿಕೆಯಲ್ಲಿ ಅತ್ಯಂತ ಫಲ ಕೊಡುವ ಕೆಲಸ.

ಮೊದಲ ಸಲ ಕರೆಂಟ್ ಕೊಡುವಾಗ ಕರೆಂಟ್ ಮಿತಿ ಇರುವ ಪವರ್ ಸಪ್ಲೈ ಇದ್ದರೆ 100 ಮಿಲಿಆಂಪಿಯರಿಗೆ ಇಡಿ. ಇಲ್ಲದಿದ್ದರೆ ಬೈಕಿನ 12 ವೋಲ್ಟ್, 5 ವಾಟಿನ ಬಲ್ಬೊಂದನ್ನು ಸರಣಿಯಲ್ಲಿ ಹಾಕಿ. ಎಲ್ಲೋ ಶಾರ್ಟ್ ಇದ್ದರೆ ಬಲ್ಬ್ ಉರಿಯುತ್ತದೆ, ಅರ್ಧ ಆಂಪಿಯರಿಗಿಂತ ಹೆಚ್ಚು ಹರಿಯದೆ ಬೋರ್ಡ್ ಉಳಿಯುತ್ತದೆ. ಬಲ್ಬ್ ಮಂಕಾಗಿಯೋ ಆರಿಯೋ ಇದ್ದರೆ ನ್ಯಾನೊದ ಖಾಲಿ ಬೇಸಿನಲ್ಲಿ 5 ವೋಲ್ಟ್ ಸರಿಯಾದ ಪಿನ್ನಿಗೇ ಬರುತ್ತಿದೆಯೇ ಎಂದು ಅಳೆದು, ಕರೆಂಟ್ ತೆಗೆದು, ಆಮೇಲೆ ನ್ಯಾನೊ ಕೂರಿಸಿ. ಓಡತೊಡಗಿದ ಮೇಲೆ ಬೋರ್ಡನ್ನು ಮೆಲ್ಲಗೆ ಬಾಗಿಸಿ, ಪ್ರತಿ ತಂತಿಯನ್ನೂ ಮರದ ಕಡ್ಡಿಯಿಂದ ತಳ್ಳಿ ನೋಡಿ. ಪ್ರದರ್ಶನದ ದಿನ ಕೆಡುವುದು ಇಂದೇ ಕೆಡಲಿ.

ಕರಾವಳಿ, ಮಲೆನಾಡಿನಲ್ಲಿ ಇಡುವ ಪೆಟ್ಟಿಗೆಯಾದರೆ ತೊಳೆದು ಒಣಗಿಸಿದ ಬೋರ್ಡಿಗೆ ರಕ್ಷಣಾ ವಾರ್ನಿಷ್ ಸ್ಪ್ರೇ ಹೊಡೆಯಿರಿ, ಕನೆಕ್ಟರುಗಳ ಬಾಯಿಗೆ ಮುಂಚೆಯೇ ಟೇಪು ಅಂಟಿಸಿ. ತಂತಿಗಳು ಪೆಟ್ಟಿಗೆಯ ತಳದಿಂದ ಒಳಬರಲಿ, ಮೇಲಿನಿಂದ ಬಂದರೆ ಮಳೆನೀರು ತಂತಿಯ ಗುಂಟ ಇಳಿದು ಬೋರ್ಡಿಗೇ ಬರುತ್ತದೆ. ಪಂಪಿನ ದಾರಿಯಲ್ಲಿ 2 ಆಂಪಿಯರಿನ ಫ್ಯೂಸ್ ಹಾಕಿ. ಕೊನೆಯದಾಗಿ, ವೈರಿಂಗಿನ ಚಿತ್ರ, ಯಾವ ಬಣ್ಣ ಯಾವುದಕ್ಕೆ, ಫ್ಯೂಸಿನ ಅಳತೆ, ಕಟ್ಟಿದ ತಾರೀಖು ಇಷ್ಟನ್ನು ಒಂದು ಕಾಗದದಲ್ಲಿ ಬರೆದು, ಪ್ಲಾಸ್ಟಿಕ್ ಚೀಲದಲ್ಲಿಟ್ಟು ಮುಚ್ಚಳದ ಒಳಬದಿಗೆ ಅಂಟಿಸಿ. ಮುಂದೆ ಅದನ್ನು ರಿಪೇರಿ ಮಾಡಲು ಬಿಚ್ಚುವವರಿಗೆ ಬೇಕಾಗುವುದು ಅದೇ.